ಸ್ವಾಗತ ಕೋರುವ ಭಾವಚಿತ್ರ ಮತ್ತು ಕಳೆದುಹೋದ ಕೈಪಿಡಿ

ಮಾನ್ಯ ಏಕೀಕೃತ ಪೋರ್ಟಲ್ ನಿರ್ದೇಶಕರೇ,

ನೇರವಾಗಿ ವಿಷಯಕ್ಕೆ ಬರುತ್ತೇನೆ. ನಮ್ಮ ಬ್ರೈಲ್ ಕೈಪಿಡಿಯ ಜಾಲತಾಣದ ಹಳೆಯ ವಿಳಾಸಗಳನ್ನೆಲ್ಲ ತಾವು ತಮ್ಮ ಪೋರ್ಟಲಿನ ಮುಖಪುಟಕ್ಕೆ ತಿರುಗಿಸಿಬಿಟ್ಟಿದ್ದೀರಿ. ಸಹಾಯ ಹುಡುಕಿಕೊಂಡು ಬಂದವರಿಗೆ ಅಲ್ಲಿ ಸಿಗುವುದು ತಮ್ಮ ನಗುಮೊಗದ ಭಾವಚಿತ್ರ, ಅದರ ಕೆಳಗೆ ‘ತಮಗೆ ಸ್ವಾಗತ’. ಈ ಪುಟ ಇಲ್ಲ ಎಂದಾದರೂ ಹೇಳಿದ್ದರೆ ಬಂದವರು ಬೇರೆ ದಾರಿ ನೋಡಿಕೊಳ್ಳುತ್ತಿದ್ದರು. ಅಷ್ಟನ್ನೂ ಹೇಳದೆ ತಾವು ಸ್ವಾಗತಿಸುತ್ತಿದ್ದೀರಿ. ಮುಂದಿನ ತಿಂಗಳು ಶಾಲೆಗಳಲ್ಲಿ ವಾರ್ಷಿಕ ಪರೀಕ್ಷೆ. ಅಷ್ಟರೊಳಗೆ ಇದು ಸರಿಹೋಗದಿದ್ದರೆ ಕಣ್ಣು ಕಾಣದ ಎಷ್ಟು ಮಕ್ಕಳು ಗಣಿತದ ಪ್ರಶ್ನೆಪತ್ರಿಕೆ ಇಲ್ಲದೆ ಕೂರುತ್ತಾರೆಂದು ತಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಗೊತ್ತಿಲ್ಲವೆಂಬುದೇ ನನ್ನನ್ನು ಕೂತಲ್ಲಿ ಕೂರಲು ಬಿಡುತ್ತಿಲ್ಲ.

ನಾನು ಔಷಧದ ಅಂಗಡಿ ಇಟ್ಟುಕೊಂಡಿರುವವನು. ಗಿರಾಕಿಗಳ ನಡುವಿನ ಬಿಡುವಿನಲ್ಲಿ, ಕೆಮ್ಮಿನ ಸಿರಪ್ಪಿನ ಬಾಟಲಿಗಳನ್ನು ಪಕ್ಕಕ್ಕೆ ಸರಿಸಿ ಲ್ಯಾಪ್‌ಟಾಪ್ ಇಟ್ಟುಕೊಂಡು, ಒಂದು ತಂತ್ರಾಂಶದ ಕೈಪಿಡಿ ಬರೆಯುತ್ತೇನೆ. ಸಾಮಾನ್ಯ ಬರಹವನ್ನು ಬ್ರೈಲ್ ಚುಕ್ಕಿಗಳಾಗಿ ಬದಲಿಸಿ, ಅವನ್ನು ಕಾಗದದ ಮೇಲೆ ಒತ್ತುವ ಯಂತ್ರಕ್ಕೆ ಕಳಿಸುವ ತಂತ್ರಾಂಶ ಅದು. ಮುಕ್ತ ತಂತ್ರಾಂಶ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ತಿದ್ದಬಹುದು, ಹಂಚಬಹುದು. ಯಾರ ಅಪ್ಪಣೆಯೂ ಬೇಕಿಲ್ಲ, ಹೆಸರು ಬರೆಸಬೇಕಾಗಿಯೂ ಇಲ್ಲ. ಅದನ್ನು ಕಟ್ಟಿದವರು ಬೇರೆ ಬೇರೆ ಊರಿನ ನಾಲ್ಕಾರು ಮಂದಿ, ಒಬ್ಬರ ಮುಖ ಒಬ್ಬರು ನೋಡಿಲ್ಲ. ಕೈಪಿಡಿ ನನ್ನ ಮತ್ತು ನನ್ನ ಅಕ್ಕನ ಪಾಲಿಗೆ ಬಂದಿದೆ. ಅಕ್ಕನಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಬಾಯಿ ಮಾತ್ರ ಇಬ್ಬರಿಗಾಗುವಷ್ಟಿದೆ. ಬ್ರೈಲ್ ಮುದ್ರಣವೇ ಅವಳ ಕಸುಬು. ನಾನು ಬರೆದದ್ದನ್ನು ಕೇಳಿಸಿಕೊಂಡು, ಅದರಂತೆ ಯಂತ್ರದ ಮುಂದೆ ಮಾಡಿ ನೋಡಿ, “ಇದನ್ನ ಬರೆದವನು ಯಂತ್ರ ಮುಟ್ಟಿದಾನಾ, ದೂರದಿಂದ ನೋಡಿ ಬಂದಿದಾನಾ?” ಎಂದು ಬೈಯುತ್ತಾಳೆ. ನಾನು ತಿದ್ದುತ್ತೇನೆ. ಹಾಗೆ ಬೈಸಿಕೊಂಡ ಮೇಲೆಯೇ ಒಂದೊಂದು ಪುಟ ಜಾಲತಾಣಕ್ಕೆ ಏರುವುದು.

ನಮ್ಮಲ್ಲೊಂದು ಪದ್ಧತಿಯಿದೆ. ಕೆಲಸ ಎಲ್ಲಾದರೂ ಸಿಕ್ಕಿಕೊಂಡರೆ ತಂತ್ರಾಂಶವು ತೊಂದರೆ ಏನೆಂದು ಒಂದು ಸಾಲಿನಲ್ಲಿ ಹೇಳಿ, ಅದರ ಕೆಳಗೇ ಪರಿಹಾರವಿರುವ ಪುಟದ ವಿಳಾಸವನ್ನು ಬ್ರೈಲ್‌ನಲ್ಲಿ ಒತ್ತಿ ಕೊಡುತ್ತದೆ, ಮಾತ್ರೆಯ ಡಬ್ಬಿಯೊಳಗೆ ಮಡಚಿಟ್ಟ ಚೀಟಿಯ ಹಾಗೆ. ಬಳಸುವವರು ಯಾರು, ಎಲ್ಲಿದ್ದಾರೆ ಎಂದು ನಮಗೆ ತಿಳಿಯದು. ಅವರಿಗೂ ನಮಗೂ ನಡುವೆ ಇರುವ ಸಂಬಂಧವೆಂದರೆ ಆ ವಿಳಾಸವೊಂದೇ. ತಮಗಿಂತ ಹಿಂದೆ ಆ ಕುರ್ಚಿಯಲ್ಲಿದ್ದವರು ಸಾರ್ವಜನಿಕ ಗ್ರಂಥಾಲಯದ ಸರ್ವರಿನಲ್ಲಿ ನಮಗೊಂದು ಮೂಲೆ ಬಿಟ್ಟುಕೊಟ್ಟು, ಇಲಾಖೆಯದೇ ವಿಳಾಸವನ್ನೂ ಕೊಟ್ಟು, “ಇದು ಬದಲಾಗೋ ಮಾತೇ ಇಲ್ಲ, ಧೈರ್ಯವಾಗಿ ಬರ್ಕೊಳ್ಳಿ,” ಎಂದಿದ್ದರು. ಬರೆದುಕೊಂಡೆವು. ತಂತ್ರಾಂಶದ ಹೊಟ್ಟೆಯೊಳಗೇ ಬರೆದುಬಿಟ್ಟೆವು.

ಆಮೇಲೆ ತಾವು ಬಂದಿರಿ, ತಮ್ಮ ಹಿಂದೆಯೇ ಏಕೀಕರಣ ಬಂತು. ಇಲಾಖೆಯ ಜಾಲತಾಣಗಳೆಲ್ಲ ಒಂದೇ ಸೂರಿನಡಿ ಇರಬೇಕೆಂದು ಆದೇಶವಾಗಿ ನಮ್ಮ ಕೈಪಿಡಿಗೂ ಎತ್ತಂಗಡಿಯಾಯಿತು. ಎಲ್ಲಿಗೆ ಎಂದು ವಿಚಾರಿಸಲು ಅಂಗಡಿಗೆ ಬೀಗ ಹಾಕಿ ತಮ್ಮ ಕಚೇರಿಗೆ ಬಂದೆ. ಉದ್ದನೆಯ ಓಣಿಯ ಕೊನೆಯ ಕೋಣೆ. ಎರಡು ಫ್ಯಾನುಗಳಲ್ಲಿ ಒಂದು ಮಾತ್ರ ತಿರುಗುತ್ತಿತ್ತು, ಅದರ ಕೆಳಗಿನ ಕುರ್ಚಿ ಖಾಲಿಯಿತ್ತು. ಸ್ಥಳಾಂತರದ ಹೊಣೆ ಹೊತ್ತ ಗುಮಾಸ್ತರು ಒಳ್ಳೆಯ ಮನುಷ್ಯ, ನನ್ನನ್ನು ಕೂರಿಸಿ ಸಮಾಧಾನ ಹೇಳಿದರು.

“ನಿಮ್ಮದೇನೂ ಕಳೆದಿಲ್ಲ ಸರ್. ಪ್ರತಿ ಪುಟಾನೂ ಪ್ರಿಂಟ್ ತೆಗೆಸಿ, ದೃಢೀಕರಣ ಮಾಡ್ಸಿ, ಸ್ಕ್ಯಾನ್ ಮಾಡಿ ಏರಿಸಿದೀವಿ.”

“ಜಾಲತಾಣಾನ ಪ್ರಿಂಟ್ ತೆಗೆದ್ರಾ?”

“ಮತ್ತೆ? ಮೊಹರು ಎಲ್ಲಿ ಹಾಕೋದು ಸರ್, ಪರದೆ ಮೇಲಾ?”

ಅವರನ್ನು ನಾನು ದೂರುವುದಿಲ್ಲ. ಸ್ಥಳಾಂತರವಾಗುವ ದಾಖಲೆಯ ಪ್ರತಿ ಪುಟಕ್ಕೂ ಮೊಹರು ಬೀಳಬೇಕೆಂದು ಸುತ್ತೋಲೆ ಹೊರಡಿಸಿದವರು ತಾವು. ಆದರೆ ಸ್ಕ್ಯಾನ್ ಎಂದರೆ ಬರೀ ಚಿತ್ರ. ಅಕ್ಕ ಬಳಸುವ, ಪರದೆಯನ್ನು ಓದಿ ಹೇಳುವ ತಂತ್ರಾಂಶಕ್ಕೆ ಅದರಲ್ಲಿ ಒಂದಕ್ಷರವೂ ಸಿಗುವುದಿಲ್ಲ. ಆ ಸಂಜೆ ಅವಳ ಮುದ್ರಣದ ಕೋಣೆಯಲ್ಲಿ, ಗುಮಾಸ್ತರು ಬರೆದುಕೊಟ್ಟ ಹೊಸ ವಿಳಾಸದಿಂದ ತಮ್ಮ ದೃಢೀಕೃತ ಕೈಪಿಡಿಯನ್ನು ತೆರೆದಾಗ ಸ್ಪೀಕರಿನಿಂದ ಬಂದದ್ದು ಇಷ್ಟು: “ಚಿತ್ರ. ಚಿತ್ರ. ಚಿತ್ರ.” ಅಕ್ಕ ಸ್ವಲ್ಪ ಹೊತ್ತು ಕೇಳಿಸಿಕೊಂಡು, “ಸಿನಿಮಾ ಎಷ್ಟೊತ್ತಿಗೆ ಶುರುವಂತೆ?” ಎಂದಳು. ಒಂದು ಪುಟದಲ್ಲಂತೂ ತಮ್ಮ ದುಂಡು ಮೊಹರು ಸರಿಯಾಗಿ ಟೈಪ್ ಮಾಡಬೇಕಾದ ಸಾಲಿನ ಮೇಲೆಯೇ ಕೂತಿತ್ತು. ಅದನ್ನು ಕಣ್ಣಿದ್ದ ನನಗೂ ಓದಲಾಗಲಿಲ್ಲ. ತಾವು ಭಾಷಣಗಳಲ್ಲಿ ಹೇಳುವ ಸಮಾನ ಅವಕಾಶ ಇದೇ ಇರಬೇಕೆಂದುಕೊಂಡು ಮುಚ್ಚಿಟ್ಟೆ.

ತಮಾಷೆ ಇಲ್ಲಿಗೆ ಮುಗಿದಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ಕಳೆದ ವಾರ ಅಂಗಡಿಗೆ ಒಂದು ಫೋನ್ ಬಂತು. ದೂರದ ಊರಿನ ಶಾಲೆಯೊಂದರ ಗಣಿತದ ಮೇಷ್ಟ್ರು, ಯಾರ್ಯಾರನ್ನೋ ಹಿಡಿದು ನನ್ನ ನಂಬರ್ ಪತ್ತೆ ಮಾಡಿದ್ದರು. ಅವರ ವಿದ್ಯಾರ್ಥಿಗಳಂತೆ ಅವರಿಗೂ ಕಣ್ಣು ಕಾಣುವುದಿಲ್ಲ. ಪೂರ್ವಸಿದ್ಧತಾ ಪರೀಕ್ಷೆಯ ಹಿಂದಿನ ದಿನ ಪ್ರಶ್ನೆಪತ್ರಿಕೆ ಒತ್ತುವಾಗ, ಭಿನ್ನರಾಶಿಗಳು ಬಂದಲ್ಲಿ ಕೆಲಸ ನಿಂತಿತು. ಯಂತ್ರ ಎಂದಿನಂತೆ ವಿಳಾಸ ಒತ್ತಿ ಕೊಟ್ಟಿತು. ಮೇಷ್ಟ್ರು ನಂಬಿ ಅಲ್ಲಿಗೆ ಹೋದರು.

“ಸ್ವಾಗತ ಅಂತು. ನಾನೇ ತಪ್ಪು ಟೈಪ್ ಮಾಡಿದೆ ಅಂದ್ಕೊಂಡು ಮತ್ತೆ ಮಾಡಿದೆ. ಮತ್ತೆ ಸ್ವಾಗತ ಅಂತು. ಇಡೀ ಮಧ್ಯಾಹ್ನ ನನ್ನ ಬೆರಳಿಗೇ ಬೈಕೊಂಡೆ ನೋಡಿ,” ಎಂದರು.

ಮರುದಿನ ಪ್ರಶ್ನೆಗಳನ್ನು ಗಟ್ಟಿಯಾಗಿ ಓದಿ ಹೇಳಲು ಸಂಗೀತದ ಟೀಚರನ್ನು ಕೂರಿಸಿದರಂತೆ. ಪಾಪ, ಅವರು ಗಣಿತದ ಸಹವಾಸ ಬಿಟ್ಟು ಎಷ್ಟೋ ವರ್ಷವಾಗಿತ್ತು. ಭಿನ್ನರಾಶಿಯೊಳಗೊಂದು ಭಿನ್ನರಾಶಿಯನ್ನು ಒಂದೇ ಉಸಿರಿಗೆ ಓದಿದರೆ ಗೆರೆಯ ಮೇಲಿನದು ಯಾವುದು, ಕೆಳಗಿನದು ಯಾವುದು? ತರಗತಿಯಲ್ಲಿ ಎಲ್ಲರಿಗಿಂತ ಮುಂದಿದ್ದ ಹುಡುಗಿ ಅರ್ಧದಲ್ಲೇ ಖಾಲಿ ಹಾಳೆ ಕೊಟ್ಟು ಎದ್ದಳು. ಮೇಷ್ಟ್ರು ಕೇಳಿದ್ದಕ್ಕೆ, “ಬೆರಳಿಗೆ ಸಿಕ್ಕಿದ್ರೆ ಮಾಡ್ತಿದ್ದೆ ಸರ್. ಗಾಳಿಯಲ್ಲಿರೋ ಲೆಕ್ಕ ಹೇಗೆ ಮಾಡ್ಲಿ?” ಎಂದಳಂತೆ. ನನಗೆ ಸಿಟ್ಟು ಬಂತು, ಸಿಟ್ಟಿಗಿಂತ ಹೆಚ್ಚು ಸಂಕಟವಾಯಿತು. ಎದುರಿಗೆ ನಿಂತಿದ್ದ ಗಿರಾಕಿಯ ಚೀಟಿಯನ್ನು ಎರಡೆರಡು ಸಲ ಓದಿ ಮಾತ್ರೆ ಕೊಡಬೇಕಾಯಿತು.

ಪರಿಹಾರ ಎರಡೇ ಸಾಲಿನದು. ಫೋನಿನಲ್ಲೇ ಹೇಳಿದೆ, ಯಂತ್ರ ಓಡಿತು. ಆ ಹುಡುಗಿಗೆ ವಾರ್ಷಿಕ ಪರೀಕ್ಷೆಯಲ್ಲಿ ಲೆಕ್ಕ ಬೆರಳಿಗೆ ಸಿಗುತ್ತದೆ. ಫೋನ್ ಮಾಡದ ಮೇಷ್ಟರ ಮಕ್ಕಳಿಗೆ? ಈಗ ಅಂಗಡಿಯ ಫೋನ್ ಬಡಿದುಕೊಂಡರೆ ಗಿರಾಕಿಯನ್ನು ಅರ್ಧಕ್ಕೇ ಬಿಟ್ಟು ಓಡುತ್ತೇನೆ. ಬಡಿದುಕೊಳ್ಳದೆ ಸುಮ್ಮನಿದ್ದರೆ ಇನ್ನೂ ಕಷ್ಟ. ಎಲ್ಲೋ ಒಂದು ಕಡೆ ಯಾರೋ ತಮ್ಮ ಬೆರಳಿಗೇ ಬೈದುಕೊಳ್ಳುತ್ತಿದ್ದಾರೆ ಎನಿಸುತ್ತದೆ.

ತಮ್ಮ ಕಚೇರಿಯ ಸಲಹೆಗಳನ್ನು ನಾನು ಕಿವಿ ಮೇಲೆ ಹಾಕಿಕೊಳ್ಳಲಿಲ್ಲವೆಂದು ಭಾವಿಸಬೇಡಿ. ಹೊಸ ವಿಳಾಸ ಹಾಕಿ ಹೊಸ ಆವೃತ್ತಿ ಬಿಡಿ ಎಂದರು. ಬಿಟ್ಟಿದ್ದೇವೆ. ಬಿಟ್ಟಿದ್ದೇವೆಂದು ಯಾರಿಗೆ ಹೇಳುವುದು? ಹಳೆಯ ಪುಟದಲ್ಲಿ ಹೇಳಬೇಕಿತ್ತು, ಅಲ್ಲಿ ತಾವು ನಗುತ್ತಿದ್ದೀರಿ. ಪೋರ್ಟಲಿನಲ್ಲೇ ದೂರು ಕೊಡಿ ಎಂದರು. ಅಕ್ಕ ಕೊಡಲು ಹೋದಳು. ದೂರುದಾರರು ಮನುಷ್ಯರೇ ಎಂದು ಖಚಿತಪಡಿಸಿಕೊಳ್ಳಲು, ಕೊಟ್ಟಿರುವ ಚಿತ್ರಗಳಲ್ಲಿ ಸೈಕಲ್ ಎಲ್ಲಿದೆ ಗುರುತಿಸಿ ಎಂದಿತು ತಮ್ಮ ಪೋರ್ಟಲ್. ಅದರ ಪ್ರಕಾರ ನನ್ನ ಅಕ್ಕ ಮನುಷ್ಯಳಲ್ಲ. ಈ ತೀರ್ಪನ್ನು ತಾವೇ ಖುದ್ದಾಗಿ ಬಂದು ಅವಳಿಗೆ ತಿಳಿಸುವಿರಾದರೆ ನಾನು ಸ್ವಲ್ಪ ದೂರ ನಿಂತು ನೋಡುತ್ತೇನೆ.

ಕೈಪಿಡಿಯನ್ನು ಬೇರೊಂದು ಕಡೆ ಮತ್ತೆ ಕಟ್ಟಿದ್ದೇವೆ. ತಮ್ಮ ಸರ್ವರಿನ ಮೂಲೆ ಬೇಡ, ಸನ್ಮಾನ ಬೇಡ, ಸಮಿತಿಯಂತೂ ಖಂಡಿತ ಬೇಡ. ಹಳೆಯ ವಿಳಾಸಕ್ಕೆ ಬಂದವರನ್ನು ತಮ್ಮ ಮುಖಪುಟಕ್ಕೆ ಕಳಿಸುವ ಬದಲು ನಮ್ಮ ಹೊಸ ಪುಟಗಳಿಗೆ ಕಳಿಸಿ, ಅಷ್ಟೇ. ಸರ್ವರಿನಲ್ಲಿ ಒಂದು ಸಾಲು ಬದಲಿಸುವ ಕೆಲಸ. ಆ ಸಾಲನ್ನು ಬರೆದು ತಮ್ಮ ಗುಮಾಸ್ತರ ಮೇಜಿನ ಮೇಲೆ ಇಟ್ಟೇ ಬಂದಿದ್ದೇನೆ. ಮೊಹರು ಹಾಕಲೇಬೇಕಿದ್ದರೆ ಪಕ್ಕದಲ್ಲಿ ಜಾಗ ಬಿಟ್ಟಿದ್ದೇನೆ. ಇದು ಪರೀಕ್ಷೆಗೆ ಮೊದಲು ಆಗಬೇಕು.

ಈ ಪತ್ರದ ಒಂದು ಪ್ರತಿಯನ್ನು ಅಕ್ಕ ಬ್ರೈಲ್‌ನಲ್ಲಿ ಒತ್ತಿ ತಮಗೆ ಅಂಚೆಯಲ್ಲಿ ಕಳಿಸಿದ್ದಾಳೆ. ಭಿನ್ನರಾಶಿ ಇಲ್ಲದ್ದರಿಂದ ಯಂತ್ರ ಎಲ್ಲೂ ನಿಲ್ಲಲಿಲ್ಲ. “ಅವರಿಗೆ ಇದನ್ನ ಓದೋಕೆ ಬರಲ್ಲ ಅಕ್ಕ,” ಎಂದೆ. “ಬರದಿದ್ರೆ ಏನಾಯ್ತು, ಸಹಾಯ ಇದೆಯಲ್ಲ,” ಎಂದು, ಬ್ರೈಲ್ ಓದುವುದನ್ನು ಮೊದಲಿಂದ ಕಲಿಸುವ ನಮ್ಮ ಪುಟದ ಹಳೆಯ ವಿಳಾಸವನ್ನು ಕೊನೆಯಲ್ಲಿ ನನ್ನ ಕೈಯಿಂದ ಶಾಯಿಯಲ್ಲಿ ಬರೆಸಿದಳು. ಲಕೋಟೆ ಸೇರಿದ ಕೂಡಲೇ ದಯವಿಟ್ಟು ಆ ವಿಳಾಸಕ್ಕೊಮ್ಮೆ ಹೋಗಿ. ಅಲ್ಲಿ ತಮ್ಮನ್ನು ಯಾರು ಸ್ವಾಗತಿಸುತ್ತಾರೆ, ನೋಡಿ.

ಇಂತಿ,
ಹೋಗಿ ಹೋಗಿ ತಮ್ಮ ನಗುವನ್ನು ಬಾಯಿಪಾಠ ಮಾಡಿಕೊಂಡಿರುವ
ಔಷಧದ ಅಂಗಡಿಯವನು