ಕವರಿನಲ್ಲಿ ಕೊಟ್ಟ ಹಳೇ ಡಿಸ್ಕು

ಮೈಸೂರು
೯ ನವೆಂಬರ್ ೨೦೨೫, ಭಾನುವಾರ

ಚಾಮುಂಡಕ್ಕ,

ನನ್ನ ಅಕ್ಷರ ನೋಡಿದ ಕೂಡಲೇ ಈ ಕಾಗದವನ್ನು ಹರಿದು ಒಲೆಗೆ ಹಾಕಬೇಕು ಅನ್ನಿಸುತ್ತದೆ ನಿನಗೆ. ಹಾಕು. ಆದರೆ ಓದಿ ಹಾಕು. ಮೂರು ವರ್ಷದಿಂದ ನನ್ನ ನಂಬರ್ ಬ್ಲಾಕ್ ಮಾಡಿದ್ದೀಯ. ಹೋದ ತಿಂಗಳು ದಟ್ಟಗಳ್ಳಿ ಬಸ್‌ಸ್ಟಾಪಿನಲ್ಲಿ ಎದುರಾದಾಗ ಸೆರಗನ್ನು ಮುಖಕ್ಕೆ ಅಡ್ಡ ಹಿಡಿದೆ. ಸರಿಯಾಗಿಯೇ ಮಾಡಿದೆ. ನಿನ್ನ ಜಾಗದಲ್ಲಿ ನಾನಿದ್ದಿದ್ದರೆ ಚಪ್ಪಲಿ ಬಿಚ್ಚುತ್ತಿದ್ದೆ.

ಮಹದೇವಣ್ಣನ ವಿಷಯ ಇದು. ನಿನ್ನ ಗಂಡ ಕಳ್ಳನಲ್ಲ. ಅದು ನಿನಗೆ ಯಾವತ್ತೂ ಗೊತ್ತಿತ್ತು. ಈಗ ಅದಕ್ಕೆ ನನ್ನ ಹತ್ತಿರ ಪುರಾವೆ ಇದೆ.

ಮೊದಲಿನಿಂದ ಹೇಳುತ್ತೇನೆ. ತಾಲ್ಲೂಕು ಕಚೇರಿ ಎದುರಿನ ಹೊಂಗೆ ಮರದ ಕೆಳಗೆ ನಾನು ಈಗಲೂ ಟೇಬಲ್ ಹಾಕಿಕೊಂಡು ಅರ್ಜಿ ಟೈಪ್ ಮಾಡುತ್ತೇನೆ. ವಿಧವಾ ಪಿಂಚಣಿ, ಪೌತಿ ಖಾತೆ, ರೇಷನ್ ಕಾರ್ಡು. ಕಾರ್ಮಿಕ ಸಂಘಕ್ಕೆ ಕರಪತ್ರ ಬರೆದ ಕೈ ಇದು, ಈಗ ಅದರಿಂದಲೇ ಹೊಟ್ಟೆ ಹೊರೆಯುತ್ತೇನೆ. ನನ್ನ ಹಳೇ ಲ್ಯಾಪ್‌ಟಾಪ್ ದಸರಾಕ್ಕೆ ಮುಂಚೆ ಸತ್ತೇ ಹೋಯಿತು. ಹೊಸದಕ್ಕೆ ನಲವತ್ತು ಸಾವಿರ. ಅರ್ಜಿಗೆ ಐವತ್ತು ರೂಪಾಯಿ ತೆಗೆದುಕೊಳ್ಳುವವಳು ನಲವತ್ತು ಸಾವಿರವನ್ನು ಕನಸಿನಲ್ಲೂ ನೋಡಬಾರದು. ಲಷ್ಕರ್ ಮೊಹಲ್ಲಾಕ್ಕೆ ಹೋದೆ.

ಅಲ್ಲಿ ಸಿದ್ದಲಿಂಗಸ್ವಾಮಿ ಅಂತ ಒಬ್ಬರು ಹಳೇ ಲ್ಯಾಪ್‌ಟಾಪ್ ಮಾರುತ್ತಾರೆ. ಹಣೆ ತುಂಬ ವಿಭೂತಿ, ಟೇಬಲ್ ತುಂಬ ಸ್ಕ್ರೂ. ಒಂಬತ್ತು ವರ್ಷ ಹಳೆಯದೊಂದನ್ನು ಮುಂದಿಟ್ಟು, "ಕಂಪನಿ ಲಾಟು ಕಣಮ್ಮ, ಮೇಟಗಳ್ಳಿ ಫ್ಯಾಕ್ಟರಿ ಆಫೀಸಿಂದು. ಸಾಹೇಬ್ರುಗಳು ಮೇಲ್ ನೋಡೋದ್ ಬಿಟ್ರೆ ಇದನ್ನ ಮುಟ್ಟೇ ಇಲ್ಲ. ಮದುವೆ ಹೆಣ್ಣು ಇದ್ದಂಗಿದೆ" ಅಂದರು.

ಮದುವೆ ಹೆಣ್ಣಿಗೆ ಆಗಲೇ ಮೂರು ಹಲ್ಲು ಉದುರಿದೆಯಲ್ಲ ಸ್ವಾಮಿ, ಅಂದೆ. ಕೀಬೋರ್ಡಿನಲ್ಲಿ ಮೂರು ಕೀಲಿ ಇರಲಿಲ್ಲ. "ಕಟ್ಸಿ ಕೊಡ್ತೀನಿ ಬುಡಿ" ಅಂತ ನಕ್ಕರು. ಆನ್ ಮಾಡಿದರೆ ಏಳು ನಿಮಿಷ ಗರಗರ ಅಂದು ಆಮೇಲೆ ಕಣ್ಣು ಬಿಟ್ಟಿತು. "ಈ ಹಳೇ ಹಾರ್ಡ್ ಡಿಸ್ಕ್ ತೆಗೆದು ಎಸ್ಎಸ್‌ಡಿ ಹಾಕ್ಬುಡೋಣ. ರ‍್ಯಾಮು ನಾಲ್ಕಿದೆ, ಎಂಟು ಮಾಡ್ಬುಡೋಣ. ಕುದುರೆ ಓಡ್ದಂಗೆ ಓಡ್ತದೆ, ನೋಡಿ ಬೇಕಾರೆ." ಬ್ಯಾಟರಿ ಬೇಡ ಅಂದೆ, ಟೀ ಅಂಗಡಿಯಿಂದ ವೈರ್ ಎಳೆದುಕೊಳ್ಳುತ್ತೇನೆ. ಜಗಳವಾಡಿ ಜಗಳವಾಡಿ ಎಲ್ಲ ಸೇರಿ ಹದಿಮೂರೂವರೆ ಸಾವಿರಕ್ಕೆ ಇಳಿಸಿದೆ.

ಆ ಅಂಗಡಿಯಲ್ಲಿ ಒಂದು ಪದ್ಧತಿಯಿದೆ. ಬಿಚ್ಚಿ ತೆಗೆದದ್ದನ್ನೆಲ್ಲ ಕವರಿಗೆ ಹಾಕಿ, ಮೇಲೆ ಗಿರಾಕಿಯ ಹೆಸರು ಬರೆದು ಕೈಗೆ ಕೊಡುತ್ತಾರೆ. "ಇಲ್ಲಾಂದ್ರೆ ನಾಳೆ ಬಂದು, ಸ್ವಾಮಿ ನನ್ ಪಾರ್ಟ್ ಹೊಡ್ಕೊಂಡ ಅಂತೀರ" ಅಂದರು. ಡಿಸ್ಕಿನಲ್ಲಿರೋದನ್ನ ಅಳಿಸಿದ್ದೀರಾ ಅಂತ ಕೇಳಿದೆ. "ಅಳಿಸ್ಬೇಕಾದೋರು ಮಾರ‍್ದೋರು. ಅವರಿಗಿಲ್ದೇ ಇರೋ ದರ್ದು ನನಗ್ಯಾಕಮ್ಮ? ಮುನ್ನೂರು ರೂಪಾಯ್ದು ಒಂದು ಕೇಸ್ ತಗೊಂಡು ಅದ್ರೊಳಗೆ ಹಾಕ್ಕೊಳ್ಳಿ. ನಿಮ್ ಅರ್ಜಿಗಳನ್ನೆಲ್ಲ ತುಂಬ್ಕೋಬೋದು." ಹಳೆಯದಾದರೂ ಐನೂರು ಜಿಬಿ ಜಾಗ, ಯಾಕೆ ಬಿಡಲಿ ಅಂತ ಕೇಸನ್ನೂ ತೆಗೆದುಕೊಂಡೆ.

ಮೊನ್ನೆ ಗುರುವಾರ ಮಧ್ಯಾಹ್ನ ಟೇಬಲ್ ಹತ್ತಿರ ಯಾರೂ ಇರಲಿಲ್ಲ. ಎಲ್ಲ ಅಳಿಸಿ ಖಾಲಿ ಮಾಡೋಣ ಅಂತ ಆ ಡಿಸ್ಕನ್ನು ಸಿಕ್ಕಿಸಿದೆ. ಟಿಕ್, ಟಿಕ್ ಅಂತ ಸದ್ದು ಬಂತು. ಫೋಲ್ಡರ್‌ಗಳು ಒಂದೊಂದೇ ಎದ್ದು ನಿಂತವು. ಮಹದೇವಣ್ಣ ಕೂಲಿ ಮಾಡುತ್ತಿದ್ದ ಅದೇ ಫ್ಯಾಕ್ಟರಿಯ ಆಫೀಸು ಅಕ್ಕ. ಕಂಟ್ರಾಕ್ಟ್ ಆಳುಗಳ ಹಾಜರಿ, ಕತ್ತರಿಸಿದ ಸಂಬಳ, ಹೆಣ್ಣುಮಕ್ಕಳ ಹೆಸರಿನ ಮುಂದೆ "ತೆಗೆಯಿರಿ" ಅಂತ ಕೆಂಪು ಗುರುತು. ಅಳಿಸಿ ಮಾರುವಷ್ಟು ಭಯವೂ ಇಲ್ಲ ಆ ಜನಕ್ಕೆ. ನಮ್ಮ ಕೈಗೆ ಸಿಕ್ಕರೂ ನಾವೇನು ಮಾಡಿಯೇವು ಅಂತ ತಾನೆ?

ಅದರೊಳಗೆ ಒಂದು ಫೈಲಿನ ಹೆಸರು ಮಹದೇವು.

ತೆರೆದೆ. ಆವತ್ತು ಗೇಟಿನಲ್ಲಿ ಮ್ಯಾನೇಜರು ಎತ್ತಿ ಹಿಡಿದು ಓದಿದನಲ್ಲ, ಅದೇ ತಪ್ಪೊಪ್ಪಿಗೆ ಕಾಗದ. "ಸ್ಟೋರ್ಸಿನಿಂದ ತಾಮ್ರದ ತಂತಿ ಕದ್ದದ್ದು ನಿಜ, ಇನ್ನೊಮ್ಮೆ ಮಾಡುವುದಿಲ್ಲ, ದಯವಿಟ್ಟು ಕ್ಷಮಿಸಿ." ಕೆಳಗೆ ತಾರೀಖು ೨೦೨೨ರ ಜುಲೈ ೪. ಮಹದೇವಣ್ಣ ಫ್ಯಾಕ್ಟರಿಯ ಸೋರುವ ಸೂರು ಸರಿಮಾಡಲು ಹತ್ತಿ, ಶೀಟು ಮುರಿದು ಬಿದ್ದು ಸತ್ತದ್ದು ಜುಲೈ ೧೪ರ ಗುರುವಾರ ಬೆಳಿಗ್ಗೆ. ನಾವು ಹತ್ತಿಸೇ ಇಲ್ಲ, ಮೊದಲೇ ಸಿಕ್ಕಿಬಿದ್ದ ಕಳ್ಳ, ಮತ್ತೆ ಕದಿಯಲು ತಾನೇ ಹತ್ತಿದ ಅಂತ ಅವರು ಪರಿಹಾರಕ್ಕೆ ಕೈಯೆತ್ತಿದ್ದು ಈ ಕಾಗದ ತೋರಿಸಿ.

ಆ ಫೈಲು ಹುಟ್ಟಿದ ತಾರೀಖು ಜುಲೈ ೧೬, ಚಾಮುಂಡಕ್ಕ. ಶನಿವಾರ. ಆವತ್ತು ನಿನ್ನ ಗಂಡ ಶವಾಗಾರದಲ್ಲಿದ್ದ. ಪರಿಹಾರ ಕೊಡುವವರೆಗೂ ಹೆಣ ಎತ್ತುವುದಿಲ್ಲ ಅಂತ ನೀನೂ ನಾನೂ ಗೇಟಿನ ಮುಂದೆ ಕೂತಿದ್ದೆವು. ಅವನು ಸತ್ತು ಎರಡು ದಿನವಾದ ಮೇಲೆ ಅವನ ಕ್ಷಮಾಪಣೆ ಬರೆದರು. ಹನ್ನೆರಡು ದಿನ ಹಿಂದಕ್ಕೆ ಹೋಗಿ ತಾರೀಖು ಹಾಕಿದರು.

ಭಾನುವಾರ ಮ್ಯಾನೇಜರು ಆ ಕಾಗದ ತೋರಿಸಿದಾಗ ನೀನೊಬ್ಬಳೇ ಕೂಗಿದೆ. "ನನ್ ಗಂಡ ಬ್ಯಾಂಕ್ನಲ್ಲೂ ಸೈನ್ ಹಾಕೋನು ಕಣ್ರೋ, ಇಲ್ಲಿ ಯಾಕೆ ಎಬ್ಬೆಟ್ಟು ಒತ್ತಾನು? ಯಾರ್ ಎಬ್ಬೆಟ್ಟು ಇದು?" ಅಂದೆ. ಆ ಪ್ರಶ್ನೆಯ ಬೆನ್ನಿಗೆ ಒಬ್ಬರೂ ನಿಲ್ಲಲಿಲ್ಲ. ಸಂಘದವರು ಬಾವುಟ ಮಡಿಚಿದರು. ನಾನು ನಿನ್ನ ರಟ್ಟೆ ಹಿಡಿದು, ಸುಮ್ನಿರಕ್ಕ, ಹೆದರಿಸಿ ಒತ್ತಿಸ್ಕೊಂಡಿರ‍್ತಾರೆ, ಇನ್ನು ಹೆಣ ತಗೊಂಡು ಹೋಗೋಣ ಅಂದೆ. ನೀನು ನನ್ನ ಮುಖವನ್ನು ನೋಡಿದ ಆ ನೋಟ ಇವತ್ತಿಗೂ ಕಣ್ಣು ಮುಚ್ಚಿದರೆ ಎದುರಿಗೆ ಬರುತ್ತದೆ.

ಹೆಬ್ಬೆಟ್ಟು ಯಾರದ್ದು ಅಂತ ಈಗ ಗೊತ್ತಾಯಿತು. ನಿನ್ನ ಗಂಡನದ್ದೇ, ಶವಾಗಾರದಲ್ಲಿ ಒತ್ತಿಸಿಕೊಂಡದ್ದು; ತಾಳೆ ನೋಡಿದರೆ ಸಿಕ್ಕಿಬೀಳಬಾರದಲ್ಲ. ಯಾರಿಗೆ ಎಷ್ಟು ಕೊಟ್ಟು ಬಾಗಿಲು ತೆಗೆಸಿದರೋ, ತಣ್ಣಗಾದ ಕೈಯನ್ನು ಯಾರು ಎತ್ತಿ ಹಿಡಿದರೋ ಗೊತ್ತಿಲ್ಲ. ಬದುಕಿದ್ದಾಗ ಬೆವರು ಬಸಿದುಕೊಂಡವರು ಸತ್ತ ಮೇಲೆ ಬೆರಳನ್ನೂ ಬಿಡಲಿಲ್ಲ.

ಗುರುವಾರದಿಂದ ನಾನು ನಾನಾಗಿಲ್ಲ ಅಕ್ಕ. ಹೊಸ ಡಿಸ್ಕ್ ಹಾಕಿದ ಮೇಲೆ ಲ್ಯಾಪ್‌ಟಾಪ್ ಸದ್ದೇ ಮಾಡುವುದಿಲ್ಲ. ಆದರೂ ಬೆರಳಿಟ್ಟರೆ ಒಳಗಿಂದ ಟಿಕ್, ಟಿಕ್ ಅನ್ನುತ್ತದೆ. ಹಳೇ ಡಿಸ್ಕು ಟ್ರಂಕಿನಲ್ಲಿದೆ, ಟ್ರಂಕಿಗೆ ಬೀಗ ಹಾಕಿದ್ದೇನೆ, ಆದರೂ ಕೇಳಿಸುತ್ತದೆ. ಸ್ಕ್ರೀನು ಕಪ್ಪಾದರೆ ನನ್ನ ಮುಖದ ಹಿಂದೆ ಇನ್ನೊಂದು ಮುಖ ಬಂದು ನಿಲ್ಲುತ್ತದೆ, ತಲೆ ಮೇಲೆ ಸಿಮೆಂಟ್ ಶೀಟಿನ ಪುಡಿ. ಮಾತಾಡುವುದಿಲ್ಲ. ಮಹದೇವಣ್ಣ ಬದುಕಿದ್ದಾಗಲೂ ಹೆಚ್ಚು ಮಾತಾಡಿದವನಲ್ಲವಲ್ಲ. ಶುಕ್ರವಾರ ಒಬ್ಬ ಮುದುಕಿ ಪಿಂಚಣಿ ಅರ್ಜಿಗೆ ಬಂದಳು. ಇಂಕ್ ಪ್ಯಾಡಿನ ಮೇಲೆ ಹೆಬ್ಬೆಟ್ಟು ಒತ್ತಿ, ಎಲ್ಲಿ ಹಾಕಲಿ ಅಂತ ಆ ನೀಲಿ ಬೆರಳನ್ನು ನನ್ನ ಮುಖದ ಮುಂದೆ ಹಿಡಿದಳು. ನಾನು ಕುರ್ಚಿ ಬಿಟ್ಟು ಎದ್ದೆ. "ಯಾಕವ್ವ, ದೆವ್ವ ಕಂಡೋಳಂಗೆ ಬೆಳ್ಳಗಾಗ್ಬುಟ್ಟೆ?" ಅಂದಳು. ಹೂಂ ಅಂದೆ.

ಅದಕ್ಕೇ ಇದನ್ನು ಟೈಪ್ ಮಾಡಿಲ್ಲ. ಪೆನ್ನಲ್ಲಿ ಬರೆಯುತ್ತಿದ್ದೇನೆ.

ನಿನ್ನೆ ವಕೀಲರ ಹತ್ತಿರ ಹೋಗಿದ್ದೆ. ಪರಿಹಾರ ಕೇಳುವ ಅವಧಿ ಮೀರಿದೆ, ಆದರೆ ಇಂಥ ಮೋಸ ಈಗ ಬೆಳಕಿಗೆ ಬಂತು ಅಂದರೆ ವಿಳಂಬ ಮನ್ನಿಸಿ ಅಂತ ಕೇಳಬಹುದು ಅಂದರು. ಡಿಸ್ಕನ್ನು ಇನ್ನು ಮುಟ್ಟಬೇಡಿ, ಕವರಿನ ಸಮೇತ ಹಾಗೇ ಇಡಿ ಅಂದರು. ಆಮೇಲೆ ಇನ್ನೊಂದು ಮಾತು ಹೇಳಿದರು. ಕಂಪ್ಯೂಟರಿನ ತಾರೀಖನ್ನು ಯಾರು ಬೇಕಾದರೂ ಬದಲಾಯಿಸಬಹುದು ಅಂತ ಕಂಪನಿ ವಾದ ಹೂಡುತ್ತದೆ. ಆವತ್ತು ಅದನ್ನು ಟೈಪ್ ಮಾಡಿದವರೇ ಬಂದು ಕಟಕಟೆಯಲ್ಲಿ ಹೇಳಬೇಕು. "ಅಂಥವರು ಎಲ್ಲಿ ಸಿಗ್ತಾರಮ್ಮ? ಸಿಕ್ರೂ ಬಾಯಿ ಬಿಡ್ತಾರಾ?" ಅಂದರು. ಬಿಡಿಸ್ತೀನಿ ಸಾರ್ ಅಂದೆ.

ಪರಿಹಾರದ ದುಡ್ಡು ಬರುತ್ತದೋ ಇಲ್ಲವೋ ನಾನು ಮಾತು ಕೊಡಲಾರೆ. ಆದರೆ ಸ್ಕೂಲಿನಲ್ಲಿ ವರ್ಷಿಣಿಯನ್ನು ತಂತಿಕಳ್ಳನ ಮಗಳು ಅಂದರಂತಲ್ಲ, ಅದಕ್ಕೇ ನೀನು ಮೇಟಗಳ್ಳಿಯ ಮನೆ ಬಿಟ್ಟು ದಟ್ಟಗಳ್ಳಿಯಲ್ಲಿ ಕಂಡವರ ಮನೆ ಅಡಿಗೆಗೆ ನಿಂತೆಯಂತಲ್ಲ. ಆ ಮಾತನ್ನು ಅಂದವರ ಬಾಯಲ್ಲೇ ವಾಪಸ್ ತೆಗೆಸಬೇಕು. ಅದೇ ಗೇಟಿನ ಮುಂದೆ ನಿಂತು, ಇವನು ಕಳ್ಳನಲ್ಲ, ಕಳ್ಳರು ಒಳಗಿದ್ದಾರೆ ಅಂತ ಕೂಗಬೇಕು. ಅರ್ಜಿಗೆ ನಿನ್ನ ಸಹಿ ಬೇಕು. ನನ್ನ ಮುಖ ನೋಡಲು ಇಷ್ಟವಿಲ್ಲದಿದ್ದರೆ ವರ್ಷಿಣಿಯನ್ನು ಕಳಿಸು, ವಕೀಲರ ವಿಳಾಸ ಹಿಂದಿನ ಪುಟದಲ್ಲಿದೆ.

ತಂಗಿ ಅನ್ನಿಸಿಕೊಳ್ಳುವ ಹಕ್ಕು ಕಳೆದುಕೊಂಡ,
ಅಕ್ಷತಾ

ತಾ.ಕ.: ಈ ಕಾಗದದ ಕವರಿಗೆ ಅಂಟು ಹಚ್ಚಿ ಮತ್ತೆ ಬಿಚ್ಚಿದ್ದೇನೆ. ಮುಂದಿನ ಮಾತನ್ನು ಬಿಟ್ಟು ಕಳಿಸಿದರೆ ನಾನೂ ಆ ಮ್ಯಾನೇಜರೂ ಒಂದೇ.

ಆ ಶನಿವಾರ ಬೆಳಿಗ್ಗೆ ಗೇಟಿನಿಂದ ಎದ್ದು ಎರಡು ಗಂಟೆ ಟೇಬಲ್ಲಿಗೆ ಹೋಗಿದ್ದೆ, ಮನೆಯಲ್ಲಿ ಅಕ್ಕಿಯಿರಲಿಲ್ಲ. ಗುರುತಿಲ್ಲದ ಗಂಡಸೊಬ್ಬ ಕೈಬರಹದ ಕಾಗದ ತಂದು, ಹೆಸರು ತಾರೀಖಿನ ಜಾಗ ಖಾಲಿ ಬಿಟ್ಟು ಟೈಪ್ ಮಾಡಿ ಪೆನ್‌ಡ್ರೈವಿಗೆ ಹಾಕಿಕೊಡಿ ಅಂದ. ಐವತ್ತರ ಕೆಲಸಕ್ಕೆ ಇನ್ನೂರು ಕೊಟ್ಟ. ಯಾವ ಸ್ಟೋರ್ಸು, ಯಾವ ತಂತಿ ಅಂತ ನಾನು ಕೇಳಲಿಲ್ಲ. ಮಾರನೇ ದಿನ ಮ್ಯಾನೇಜರು ಮೊದಲ ಸಾಲು ಓದಿದ ಕೂಡಲೇ ನನಗೆ ಗೊತ್ತಾಯಿತು. ನೀನು ಕೂಗುತ್ತಿದ್ದಾಗ ರಟ್ಟೆ ಹಿಡಿದು ಸುಮ್ಮನಾಗಿಸಿದ್ದು ಅದಕ್ಕೆ. ಕಟಕಟೆ ಹತ್ತಬೇಕಾದವಳು ನಾನೇ. ಹತ್ತುತ್ತೇನೆ.

ಓದಲು ಬಾರದವರಿಗೆ ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳದೆ ಹೆಬ್ಬೆಟ್ಟು ಒತ್ತಿಸಬಾರದು ಅಂತ ಸಂಘದಲ್ಲಿ ಕಲಿಸಿದ್ದರು. ಓದಿ ಹೇಳಿದ ಗುರುತಿಗೆ ಕೊನೆಯಲ್ಲಿ ಒಂದು ಸಾಲು ಸೇರಿಸುವುದು ನನ್ನ ರೂಢಿ. ಆವತ್ತು ಎದುರಿಗೆ ಯಾರೂ ಇರದಿದ್ದರೂ ಕೈ ತಾನಾಗಿಯೇ ಅದನ್ನು ಹೊಡೆದಿತ್ತು. ಅವನ ಹೆಬ್ಬೆಟ್ಟಿನ ಜಾಗದ ಮೇಲೆ ಆ ಸಾಲು ಇನ್ನೂ ಇದೆ: "ಮೇಲಿನದನ್ನು ನನಗೆ ಓದಿ ಹೇಳಿದ್ದಾರೆ, ಕೇಳಿ ಸರಿಯಿದೆ ಎಂದು ಒಪ್ಪಿದ್ದೇನೆ."