ಅತ್ತೆಯ ಹಳೇ ಒಲೆ

೧೨ ಫೆಬ್ರವರಿ, ಬೆಳಿಗ್ಗೆ ೭
ಸಾರು, ಪಲ್ಯ ಎರಡೂ ನಿಂತುಕೊಂಡೇ ಆಯಿತು! ಮುದ್ದೆ ತಿರುವುವುದಕ್ಕೆ ಮಾತ್ರ ಪಾತ್ರೆ ನೆಲಕ್ಕಿಳಿಸಿದೆ. ತೊಲೆಗಳ ಮೇಲೆ ಮಣ್ಣು ಹಾಕಿದ ಮಾಳಿಗೆ ಮನೆಯ ಹಿಂದಿನ ಗೋಡೆ ಒಡೆದು ಆರ್‌ಸಿಸಿ ಅಡುಗೆಮನೆ ಕಟ್ಟಿಸಿದ್ದು ಸಾರ್ಥಕ. ಗ್ರಾನೈಟ್ ಕಟ್ಟೆ, ಸಿಂಕು, ಗ್ಯಾಸು, ದೊಡ್ಡ ಕಿಟಕಿ. ಬೀಗುತ್ತಿದ್ದೇನೆ, ಹೌದು. ಅತ್ತೆಗೂ ಒಳ್ಳೆಯದೇ — ಕಣ್ಣಿನ ಆಪರೇಷನ್ ಆಗಿ ತಿಂಗಳಾಗಿಲ್ಲ. ಹೊಗೆ ಮಾತ್ರ ಕೂಡದು ಅಂದಿದ್ದಾರೆ ಡಾಕ್ಟರು.

೧೯ ಫೆಬ್ರವರಿ
ಸಂಜೆ, ಕುರಿ ಮನೆಗೆ ಬರುವ ಹೊತ್ತು. ಹಳೇ ಅಡುಗೆಮನೆ ತುಂಬಾ ಹೊಗೆ. ಅತ್ತೆ ಒಲೆ ಹಚ್ಚಿಕೊಂಡು ಕೂತಿದ್ದಾರೆ. ಮೇಲೆ ಪಾತ್ರೆಯೇ ಇಲ್ಲ!
"ಏನ್ ಬೇಯಿಸ್ತಿದ್ದೀರಿ ಅತ್ತೆ?"
"ಏನೂ ಇಲ್ಲ ಕಣೇ. ಮನಿಗೆ ಒಂದೀಟು ಹೊಗೆ ಬೇಕು."
ಮನೆಗಂತೆ! ನನ್ನ ಗ್ಯಾಸಿನ ಅಡುಗೆ ಹಿಡಿಸಲಿಲ್ಲ ಅಂತ ನೇರವಾಗಿ ಹೇಳಬಾರದೆ... ಸಿಟ್ಟು ನೆತ್ತಿಗೇರಿತು. ಒಲೆಗೆ ಚೊಂಬು ನೀರು ಸುರಿದುಬಿಟ್ಟೆ.

೨೦ ಫೆಬ್ರವರಿ
ಒಲೆ ಮುಚ್ಚುವಂತೆ ರಾಗಿ ಚೀಲ ಒಟ್ಟಿಸಿದೆ. ಅತ್ತೆ ನೋಡಿದರು. ನಮ್ಮ ಯಜಮಾನರನ್ನು ಕೇಳಿದರೆ, "ನಿಮ್ಮಿಬ್ರ ಮಧ್ಯ ನನ್ನ ಎಳೀಬ್ಯಾಡ" ಅಂತ ಕುರಿ ಕಡೆ ಹೋದರು.

೩ ಅಕ್ಟೋಬರ್
ಬರೆದು ಎಷ್ಟು ತಿಂಗಳಾಯಿತು... ಇವತ್ತು ಚೀಲ ತೆಗೆಯಲು ಹೋದರೆ ತಲೆ ಮೇಲೆ ಮಣ್ಣು. ಗಾರೆ ಕೆಲಸದ ಉಗ್ರಪ್ಪ ಬಂದು ತೊಲೆಗೆ ಉಳಿ ಚುಚ್ಚಿದ. ಬೆಣ್ಣೆಯೊಳಗೆ ಇಳಿದಂತೆ ಇಳಿಯಿತು. ಗೆದ್ದಲು.
"ಒಲಿ ಯಾವಾಗ ನಿಲ್ಲಿಸಿದ್ರಿ ಅಕ್ಕಾ?"
"ಫೆಬ್ರವರೀಲಿ."
"ಅದಕ್ಕೇ ಮತ್ತೆ. ದಿನಾ ಹೊಗೆ ಕುಡಿಯೋ ತೊಲೆಗೆ ಗೆದ್ಲು ಹತ್ತಲ್ಲ. ಇದೊಂದು ಹೋತು, ಬದಲಾಯಿಸಾಣ. ಮಿಕ್ಕವು ಚೆನ್ನಾಗವೆ. ಹೊಗೆ ತಪ್ಪಿಸ್ಬ್ಯಾಡ್ರಿ."
ಅತ್ತೆ ಅಲ್ಲೇ ನಿಂತಿದ್ದರು. "ನಾನು ಅವತ್ತೇ ಹೇಳಲಿಲ್ಲವಾ" ಅನ್ನಲಿಲ್ಲ. ಅಂದಿದ್ದರೆ ನನಗೆ ಹಗುರಾಗುತ್ತಿತ್ತು.

೧೧ ಅಕ್ಟೋಬರ್, ಸಂಜೆ
ಹೊಸ ತೊಲೆ ಕೂತಿತು. ಒಲೆ ಸಾರಿಸಿ ಸೌದೆ ಹಚ್ಚಿದೆ. ವಾಸನೆಗೆ ಅತ್ತೆ ಓಡಿ ಬಂದರು. "ನೀವು ಒಳಗೆ ಬರಬೇಡ್ರಿ ಅತ್ತೆ, ಕಣ್ಣು. ಇನ್ಮೇಲೆ ದಿನಾ ನಾನೇ ಹಚ್ತೀನಿ" ಅಂದೆ. ಹೊಸ ತೊಲೆ ಕಡೆ ಒಮ್ಮೆ ಕಣ್ಣೆತ್ತಿ ನೋಡಿದರು. ಹೋದರು.
ಪಾತ್ರೆ ಇಲ್ಲದ ಒಲೆ ಮುಂದೆ ಕೂತು ಬರೆಯುತ್ತಿದ್ದೇನೆ. ಅವರು ಹೀಗೇ ಕೂತಿದ್ದರಲ್ಲ.
ಹೊಸ ಅಡುಗೆಮನೆಯಿಂದ ಕೂಗು — "ಲೇ ಮೀನಾಕ್ಷಿ, ಈ ಗ್ಯಾಸು ಯಾವ ಕಡೆ ತಿರುಗಿಸೋದೇ?"
ಎಂಟು ತಿಂಗಳಲ್ಲಿ ಅತ್ತೆ ಒಮ್ಮೆಯೂ ಅದನ್ನು ಮುಟ್ಟಿರಲಿಲ್ಲ. ಕೂತಲ್ಲಿಂದಲೇ ಹೇಳಿಕೊಟ್ಟೆ.
ನೀರು ಸುರಿದದ್ದಕ್ಕೆ ಇನ್ನೂ ತಪ್ಪಾಯಿತು ಅಂದಿಲ್ಲ. ಇವತ್ತು ಅನ್ನಲೇಬೇಕು. ಅತ್ತೆ ಬಾಗಿಲಿಗೆ ಬಂದರು. ಕೈಯಲ್ಲಿ ಎರಡು ಲೋಟ ಟೀ —