ಗ್ಲಾಸ್ ಸ್ಟ್ರೀಟಿನ ಮೈದಾನ ಕೆಡವುವ ಮುನ್ನ

ನಗರ ಪುನರಭಿವೃದ್ಧಿ ಕಚೇರಿಯ ಮಾನ್ಯ ನಿರ್ದೇಶಕರೇ,

ಗ್ಲಾಸ್ ಸ್ಟ್ರೀಟಿನ ಬೇಸ್‌ಬಾಲ್ ಮೈದಾನವನ್ನು ಕೆಡವಿ ಗೋದಾಮಿಗೆ ಜಾಗ ಕೊಡಲು ತಾವು ಹೊರಟಿದ್ದೀರಿ. ನಮ್ಮ ಕಿರಿಯ ದರ್ಜೆಯ ತಂಡಕ್ಕೆ ಹೊಸ ದೀಪಗಳು ಬೇಕೆಂದು ಲೀಗಿನವರು ಬರೆದ ಪತ್ರ ಎರಡು ವರ್ಷ ತಮ್ಮ ಮೇಜಿನ ಮೇಲೆ ಸುಖವಾಗಿ ವಿಶ್ರಮಿಸಿತು. ಬೇಸತ್ತ ತಂಡ ಈಗ ಬೇರೆ ಊರು ಹುಡುಕುತ್ತಿದೆ. 'ಮೈದಾನ ನಿರುಪಯುಕ್ತ' ಎಂದು ತಾವು ವರದಿ ಬರೆದಿದ್ದೀರಿ. ನಿರುಪಯುಕ್ತವಾದದ್ದು ಮೈದಾನವೇ, ಸ್ವಾಮಿ?

ಗಾಜಿನ ಕಾರ್ಖಾನೆ ಮುಚ್ಚಿದ ಮೇಲೆ ಈ ಬೀದಿಯಲ್ಲಿ ನಾಯಿಯೂ ನಿಲ್ಲುತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ಅಲ್ಲಿನ ಕುಲುಮೆಯ ಮುಂದೆ ದುಡಿದಿದ್ದ ನನ್ನ ಗಂಡ ಲಿಯೋ ಒಂದು ಫೆಬ್ರವರಿಯ ಮಟಮಟ ಮಧ್ಯಾಹ್ನ ಕಾಗದ ಹಾಕಲು ಹೋಗಿ, ಎದೆನೋವಿನಿಂದ ಹಿಮದ ಮೇಲೆ ಕುಸಿದರು. ಒಂದು ಗಂಟೆಯ ನಂತರ ಅಂಚೆಯವನು ನೋಡಿದ. "ಹತ್ತು ನಿಮಿಷದಲ್ಲಿ ಯಾರಾದ್ರೂ ನೋಡಿದ್ರೆ ಉಳೀತಿದ್ರಮ್ಮ" ಅಂದರು ಡಾಕ್ಟರು. ನೋಡುವುದಕ್ಕೆ ಅಲ್ಲಿ ಯಾರಿದ್ದರು?

ಮೂರು ವರ್ಷ ಕಳೆದು ಕಾರ್ಖಾನೆಯ ಜಾಗದಲ್ಲಿ ಮೈದಾನ ಕಟ್ಟಲು ಬಂದಾಗ ನಾನು ವಿರೋಧಿಸಿದೆ. ಹಸಿದ ಊರಿಗೆ ಆಟ ಯಾಕೆ ಎಂದು ಜಗಳ ಕಾದೆ. ತಪ್ಪು ನನ್ನದೇ. ವರ್ಷಕ್ಕೆ ಎಪ್ಪತ್ತು ಚಿಲ್ಲರೆ ಪಂದ್ಯ ಅಷ್ಟೆ, ನಿಜ. ಆದರೆ ಪಂದ್ಯಕ್ಕೆಂದು ಬಸ್ಸು ಬಂತು. ಬಸ್ಸು ಬಂದದ್ದಕ್ಕೆ ಪಾಳುಬಿದ್ದ ಮಹಡಿಗಳಿಗೆ ಸಂಸಾರಗಳು ಬಂದವು. ಸಂಸಾರಗಳಿದ್ದದ್ದಕ್ಕೆ ಆಟವಿಲ್ಲದ ಚಳಿಗಾಲದಲ್ಲೂ ಔಷಧದಂಗಡಿ ಬಾಗಿಲು ತೆರೆಯಿತು. ನಾನು ಗೇಟಿನೆದುರು ಮೇಜು ಹಾಕಿ ನಮ್ಮ ಪೋಲಿಷ್ ಕಡುಬು, ಪಿಯೆರೋಗಿ, ಮಾರಲು ಶುರುಮಾಡಿ ಆಮೇಲೆ ಅಂಗಡಿಯನ್ನೇ ಇಟ್ಟೆ. ಪಕ್ಕದಲ್ಲಿ ಓಟಿಸ್ ಟಿಲ್ಲರಿ ಕ್ಷೌರದಂಗಡಿ ತೆರೆದ.

ಹೋದ ಜುಲೈನಲ್ಲಿ, ಪಂದ್ಯದ ದಿನ, ಓಟಿಸ್, ಲಿಯೋ ಬಿದ್ದಿದ್ದ ಅದೇ ಪಾದಚಾರಿ ಹಾದಿಯಲ್ಲಿ ಕುಸಿದ. ಹನ್ನೊಂದು ಜನ ಓಡಿಬಂದರು. ಟಿಕೆಟ್ ಹರಿಯುವ ಹೆಂಗಸು, ಗೇಟಿನಲ್ಲಿ ತೂಗುಹಾಕಿದ್ದ ಹೃದಯಕ್ಕೆ ಶಾಕ್ ಕೊಡುವ ಯಂತ್ರ ಹೊತ್ತು ತಂದಳು. ಓಟಿಸ್ ಬದುಕಿದ. ಆಸ್ಪತ್ರೆಗೆ ಹೋದರೆ ನನಗೇ ಕೀಟಲೆ:

"ನಿನ್ನ ಕಡುಬು ತಿಂದೇ ಬಿದ್ದೆ ಅಂತ ಊರೆಲ್ಲ ಹೇಳ್ತೀನಿ, ವಾಂಡಾ."

"ಹೇಳ್ಕೋ ಹೋಗು. ಅರ್ಧ ತಲೆ ಕತ್ತರಿಸಿ ಬಿಟ್ಟುಬಂದ್ಯಲ್ಲ, ಆ ಗಿರಾಕಿ ನಿನ್ನ ಬಗ್ಗೆ ಏನು ಹೇಳ್ತಿದಾನೆ ಗೊತ್ತಾ?"

ಅವನು ನಕ್ಕ. ನಾನು ಹೊರಗೆ ಬಂದು ಗೋಡೆಗೆ ಮುಖ ಮಾಡಿ ಅತ್ತೆ, ಲಿಯೋಗಾಗಿ.

ಇದನ್ನೆಲ್ಲ ಹೇಳಲು ತಮ್ಮ ಕಚೇರಿಗೆ ನಾಲ್ಕು ಸಲ ಬಂದೆ. ತಮ್ಮ ದರ್ಶನವಾಗಲಿಲ್ಲ. ಗುಮಾಸ್ತೆ ಕೇಳಿದಳು, "ಗೋದಾಮಿಗೂ ಜನ ಬರ್ತಾರಲ್ಲ, ಮೇಡಂ?"

"ಲಾರಿ ಬರ್ತವೆ ಕಣಮ್ಮ" ಅಂದೆ. ಪಾಪ, ಅವಳನ್ನು ಅಂದು ಏನು ಫಲ?

ಔಷಧದಂಗಡಿಯವರು ಖಾಲಿ ಮಾಡುವುದಾಗಿ ಚೀಟಿ ಅಂಟಿಸಿದ್ದಾರೆ. ನನ್ನ ಮೇಲಿನ ಮನೆಯವರು ಪೆಟ್ಟಿಗೆ ಕಟ್ಟುತ್ತಿದ್ದಾರೆ. ಮೈದಾನ ಕೆಡವುವ ಕುರಿತ ಮತದಾನದ ಸಭೆಯನ್ನು ತಾವು ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಇಟ್ಟಿದ್ದೀರಿ. ದುಡಿಯುವ ಒಬ್ಬರೂ ಬರಲಾಗದ ಹೊತ್ತನ್ನು ಹುಡುಕಿದ ತಮ್ಮ ಜಾಣ್ಮೆ ದೊಡ್ಡದು.

ಆ ಸಭೆಯನ್ನು ರದ್ದುಮಾಡಿ. ಶನಿವಾರದ ಪಂದ್ಯ ಮುಗಿದ ಮೇಲೆ ಮೈದಾನದಲ್ಲೇ ಸಭೆ ಕರೆಯಿರಿ, ಲೀಗಿನವರನ್ನೂ ಕೂರಿಸಿ. ದೀಪ ಹಾಕಿಸಲು ಅವರಲ್ಲಿ ಒಂದು ವರ್ಷದ ಗಡುವು ಕೇಳಿ. ಬೇಡುವುದು ನನಗೆ ಅಭ್ಯಾಸವಿಲ್ಲ. ಬೇಡುತ್ತಿದ್ದೇನೆ.

ಇಂತಿ,
ತಮ್ಮ ವರದಿಯಲ್ಲಿ 'ತೆರವಾಗಬೇಕಾದ ಅಂಗಡಿ, ಸಂಖ್ಯೆ ಒಂಬತ್ತು' ಎಂದಷ್ಟೇ ನಮೂದಾಗಿರುವ
ವಾಂಡಾ ಹ್ರುಷ್ಕಾ
ಕೆಲ್ವರ್‌ಟನ್, ಒಹಾಯೋ